ಕೌಂಟ್ ಬೇಸಿಯ ಬ್ಯಾಂಡ್: ಎಲ್ಲಿಂದ ಶುರು ಮಾಡಬೇಕು, ಏನನ್ನು ಕೇಳಬೇಕು

ಜಾಝ್ ಕೇಳಲು ಹೊರಟವರಿಗೆ ಯಾರಾದರೂ ಹೇಳಿರುತ್ತಾರೆ, ಸ್ವಿಂಗ್ ಕಾಲದ (ಅಂದರೆ 1930–40ರ ದಶಕದ, ಕುಣಿಸುವ ಜಾಝ್‌ನ ಕಾಲದ) ಬಿಗ್ ಬ್ಯಾಂಡ್‌ನಿಂದ ಶುರು ಮಾಡಿ ಎಂದು. ಹಾಕಿ ನೋಡಿದರೆ ಹತ್ತಾರು ತುತ್ತೂರಿಗಳ ಅಬ್ಬರ. ಎರಡು ನಿಮಿಷ ಕೇಳಿ ಬಿಟ್ಟುಬಿಡುತ್ತಾರೆ. ‘ಎಲ್ಲ ಹಾಡೂ ಒಂದೇ ಥರ ಇದೆಯಲ್ಲ, ಇದರಲ್ಲಿ ಕೇಳುವುದೇನು?’ ಎಂಬ ಪ್ರಶ್ನೆ ಓದುಗರಿಂದ ಬರುತ್ತಲೇ ಇದೆ. ಅದಕ್ಕೆ ಒಬ್ಬನೇ ಒಬ್ಬ ಬ್ಯಾಂಡ್ ನಾಯಕನನ್ನು ಹಿಡಿದು ಉತ್ತರಿಸುವುದು ಸುಲಭ. ಕೌಂಟ್ ಬೇಸಿಯನ್ನು ಆರಿಸಲು ಕಾರಣವಿದೆ: ಅವನ ಬ್ಯಾಂಡಿನಲ್ಲಿ ಬೇಡದ್ದು ಏನೂ ಇಲ್ಲ. ಒಂದೊಂದು ಭಾಗವನ್ನೂ ಬಿಡಿಸಿ ಕೇಳಬಹುದು.

ಈ ಮಾರ್ಗದರ್ಶಿಯ ಕ್ರಮ ಇಷ್ಟೇ. ಮೇಲಿನ ತುತ್ತೂರಿಗಳನ್ನು ಸದ್ಯಕ್ಕೆ ಬಿಡಿ, ತಳದಲ್ಲಿರುವ ನಾಲ್ವರಿಂದ ಶುರು ಮಾಡಿ ಮೇಲಕ್ಕೆ ಬನ್ನಿ.

ಆಳು ಯಾರು ಎಂಬುದು ಚುಟುಕಾಗಿ: ವಿಲಿಯಂ ಬೇಸಿ (‘ಕೌಂಟ್’ ಎಂಬುದು ಅಡ್ಡಹೆಸರು) ಹುಟ್ಟಿದ್ದು 1904ರಲ್ಲಿ, ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಊರಿನಲ್ಲಿ. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪಿಯಾನೊ ಪಳಗಿಸಿಕೊಂಡ. ತಾನಿದ್ದ ನಾಟಕ ಕಂಪನಿ ಒಡೆದು ಕನ್ಸಾಸ್ ಸಿಟಿಯಲ್ಲಿ ಉಳಿದುಬಿಟ್ಟ. ಅಲ್ಲಿ ಬೆನ್ನಿ ಮೋಟನ್‌ನ ಬ್ಯಾಂಡ್ ಸೇರಿದ. 1935ರಲ್ಲಿ ಮೋಟನ್ ತೀರಿಕೊಂಡ ಮೇಲೆ ರೀನೋ ಕ್ಲಬ್‌ನಲ್ಲಿ ತನ್ನದೇ ಸಣ್ಣ ಬ್ಯಾಂಡ್ ಕಟ್ಟಿದ. ಆ ಕ್ಲಬ್ಬಿನ ರೇಡಿಯೊ ಪ್ರಸಾರವನ್ನು ಶಿಕಾಗೊದಲ್ಲಿ ಕಾರಿನ ರೇಡಿಯೊದಲ್ಲಿ ಕೇಳಿದ ಧ್ವನಿಮುದ್ರಣ ನಿರ್ಮಾಪಕ ಜಾನ್ ಹ್ಯಾಮಂಡ್ ಆ ಬ್ಯಾಂಡನ್ನು ಹೊರಜಗತ್ತಿಗೆ ತಂದ. ಬೇಸಿ 1984ರವರೆಗೆ ಬದುಕಿದ್ದ, ಕೊನೆಯವರೆಗೂ ಬ್ಯಾಂಡ್ ನಡೆಸಿದ.

ಮೊದಲು ಇವನ್ನು ಹೊಂದಿಸಿಕೊಳ್ಳಿ

ಹೆಡ್‌ಫೋನ್ ಬೇಕೇ ಬೇಕು, ದುಬಾರಿಯದೇನೂ ಆಗಬೇಕಿಲ್ಲ. ಫೋನಿನ ಸ್ಪೀಕರ್‌ನಲ್ಲಿ ಡಬಲ್ ಬಾಸ್ (ನಿಂತು ನುಡಿಸುವ, ತಗ್ಗಿನ ನಾದದ ದೊಡ್ಡ ತಂತಿವಾದ್ಯ) ಕೇಳಿಸುವುದೇ ಇಲ್ಲ. ಬಾಸ್ ಇಲ್ಲದ ಬೇಸಿ ಎಂದರೆ ಅರ್ಧಕ್ಕಿಂತ ಕಡಿಮೆ ಬೇಸಿ. ಈಕ್ವಲೈಸರ್, ಬಾಸ್ ಬೂಸ್ಟ್, ಸರೌಂಡ್ ಎಲ್ಲವನ್ನೂ ಆಫ್ ಮಾಡಿ. ಫೋನಿನಲ್ಲಿ ಒಂದು ಮೆಟ್ರೊನೋಮ್ (ಒಂದೇ ವೇಗದಲ್ಲಿ ಟಕ್ ಟಕ್ ಎಂದು ಕಾಲ ತೋರಿಸುವ) ಆಪ್ ಮತ್ತು ಒಂದು ಶ್ರುತಿಪೆಟ್ಟಿಗೆ ಆಪ್ ಇರಲಿ, ಮುಂದೆ ಕೆಲಸಕ್ಕೆ ಬರುತ್ತವೆ.

ಧ್ವನಿಮುದ್ರಣಗಳು ಇಷ್ಟು ಸಾಕು: ‘ಶೂ ಶೈನ್ ಬಾಯ್’ (1936), ‘ಒನ್ ಓ’ಕ್ಲಾಕ್ ಜಂಪ್’ (1937), ‘ಸೆಂಟ್ ಫಾರ್ ಯು ಯೆಸ್ಟರ್‌ಡೇ’ ಮತ್ತು ‘ಜಂಪಿನ್ ಅಟ್ ದ ವುಡ್‌ಸೈಡ್’ (ಎರಡೂ 1938), ‘ಲೆಸ್ಟರ್ ಲೀಪ್ಸ್ ಇನ್’ (1939), ‘ಏಪ್ರಿಲ್ ಇನ್ ಪ್ಯಾರಿಸ್’ (1955), ಕೊನೆಗೆ 1957ರಲ್ಲಿ ಮುದ್ರಿಸಿದ ‘ದ ಅಟಾಮಿಕ್ ಮಿಸ್ಟರ್ ಬೇಸಿ’ ಎಂಬ ಪೂರ್ತಿ ಎಲ್‌ಪಿ.

ಹಂತ 1: ಸರಿಯಾದ ಮುದ್ರಣವನ್ನೇ ಹಿಡಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ‘ಒನ್ ಓ’ಕ್ಲಾಕ್ ಜಂಪ್’ ಎಂದು ಹುಡುಕಿದರೆ ಪುಟಗಟ್ಟಲೆ ಫಲಿತಾಂಶ ಬರುತ್ತದೆ. ಬೇಸಿಯೇ ಅದನ್ನು 1937ರಲ್ಲಿ ಡೆಕ್ಕಾ ಕಂಪನಿಗೆ, 1942ರಲ್ಲಿ ಕೊಲಂಬಿಯಾಗೆ, ಆಮೇಲೂ ಹಲವು ಸಲ ಮುದ್ರಿಸಿದ. ಬೇರೆ ಬ್ಯಾಂಡ್ ನಾಯಕರಾದ ಬೆನ್ನಿ ಗುಡ್‌ಮನ್, ಹ್ಯಾರಿ ಜೇಮ್ಸ್ ಕೂಡ ಮುದ್ರಿಸಿದರು. ಈ ಲೇಖನದಲ್ಲಿ ಹೇಳುವುದೆಲ್ಲ 1937ರ ಜುಲೈ 7ರ ಡೆಕ್ಕಾ ಮುದ್ರಣಕ್ಕೆ ಸೇರಿದ್ದು. ಬೇರೆಯದನ್ನು ಹಾಕಿಕೊಂಡು ಕೂತರೆ ಲೆಕ್ಕ ತಾಳೆಯಾಗುವುದಿಲ್ಲ. ‘ಗ್ರೇಟೆಸ್ಟ್ ಹಿಟ್ಸ್’ ಥರದ ಸಂಕಲನಗಳಲ್ಲಿ ವರ್ಷವೇ ಇರುವುದಿಲ್ಲ, ಅವನ್ನು ದೂರವಿಡಿ. ‘ದ ಕಂಪ್ಲೀಟ್ ಡೆಕ್ಕಾ ರೆಕಾರ್ಡಿಂಗ್ಸ್ 1937–1939’ ಎಂಬ ಮೂರು ಸಿಡಿಗಳ ಸಂಪುಟ ನಂಬಬಹುದಾದದ್ದು.

ಮುದ್ರಣ ಸಿಕ್ಕ ಮೇಲೆ ಮೂರು ಪರೀಕ್ಷೆ ಮಾಡಿ.

ಒಂದು, ಶ್ರುತಿ. ಈ ಹಾಡಿನ ಶುರುವಿನ ಪಿಯಾನೊ ಭಾಗ ಎಫ್ ಶ್ರುತಿಯಲ್ಲಿದೆ, ಅಂದರೆ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ನಾಲ್ಕು ಮನೆ. ಶ್ರುತಿಪೆಟ್ಟಿಗೆಯಲ್ಲಿ ನಾಲ್ಕು ಮನೆ ಇಟ್ಟು ಹೋಲಿಸಿ. ನಾಲ್ಕಕ್ಕೂ ನಾಲ್ಕೂವರೆಗೂ ನಡುವೆ ತೂಗಾಡುತ್ತಿದ್ದರೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯನ್ನು ಡಿಜಿಟಲ್‌ಗೆ ಇಳಿಸುವಾಗ ವೇಗ ತಪ್ಪಿದೆ ಎಂದರ್ಥ. ಅರ್ಧ ಮನೆ ಏರಬೇಕಾದರೆ ತಟ್ಟೆ ಸುಮಾರು ಶೇ. 6ರಷ್ಟು ಜೋರಾಗಿ ತಿರುಗಿರಬೇಕು. ಆಗ ಕಾಲಪ್ರಮಾಣವೂ ಕೆಡುತ್ತದೆ, ಸ್ಯಾಕ್ಸಫೋನಿನ ನಾದವೂ ತೆಳ್ಳಗಾಗುತ್ತದೆ.

ಎರಡು, ಸಿಂಬಲ್, ಅಂದರೆ ಡ್ರಮ್ಸ್ ಜೊತೆಗಿರುವ ಲೋಹದ ತಾಳ. ಸವೆದ ತಟ್ಟೆಯ ಕರಕರ ಸದ್ದನ್ನು ತೆಗೆಯುವ ಭರದಲ್ಲಿ ಕೆಲವರು ಮೇಲಿನ ಸ್ಥಾಯಿಯನ್ನೆಲ್ಲ ಅಳಿಸಿಬಿಡುತ್ತಾರೆ. ಬೇಸಿಯ ಡ್ರಮ್ಮರ್ ಜೋ ಜೋನ್ಸ್‌ನ ಸಿಂಬಲ್ ಇರುವುದು ಅಲ್ಲೇ. ಹಿನ್ನೆಲೆ ತೀರಾ ಸ್ವಚ್ಛವಾಗಿದ್ದು, ಬ್ಯಾಂಡ್ ಕಂಬಳಿಯೊಳಗಿಂದ ನುಡಿಸಿದಂತೆ ಕೇಳಿದರೆ ಬೇರೆ ಪ್ರತಿ ಹುಡುಕಿ. ಸ್ವಲ್ಪ ಕರಕರ ಇದ್ದರೂ ಸಿಂಬಲ್ ಇರುವುದೇ ಮೇಲು.

ಮೂರು, ಸ್ಟೀರಿಯೊ. 1930ರ ದಶಕದ ಮುದ್ರಣಗಳೆಲ್ಲ ಮೊನೊ. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಕೇಳಿಸಿದರೆ ಅದು ಆಮೇಲೆ ಮಾಡಿದ ಕೃತಕ ಸ್ಟೀರಿಯೊ. ಬೇಡ.

ಹಂತ 2: ತಳದ ನಾಲ್ವರು

ಪಿಯಾನೊ, ಗಿಟಾರ್, ಡಬಲ್ ಬಾಸ್, ಡ್ರಮ್ಸ್ – ಈ ನಾಲ್ಕನ್ನು ಸೇರಿಸಿ ರಿದಮ್ ಸೆಕ್ಷನ್ ಎನ್ನುತ್ತಾರೆ. 1937ರಲ್ಲಿ ಬೇಸಿಯ ನಾಲ್ವರು: ಪಿಯಾನೊದಲ್ಲಿ ತಾನೇ, ಗಿಟಾರ್‌ನಲ್ಲಿ ಫ್ರೆಡ್ಡಿ ಗ್ರೀನ್, ಬಾಸ್‌ನಲ್ಲಿ ವಾಲ್ಟರ್ ಪೇಜ್, ಡ್ರಮ್ಸ್‌ನಲ್ಲಿ ಜೋ ಜೋನ್ಸ್. ಗ್ರೀನ್ ಆ ವರ್ಷ ಸೇರಿದವನು 1987ರಲ್ಲಿ ಸಾಯುವವರೆಗೂ, ನಡುವಿನ ಸಣ್ಣ ಬಿಡುವು ಬಿಟ್ಟರೆ, ಅದೇ ಬ್ಯಾಂಡಿನಲ್ಲಿದ್ದ.

‘ಲೆಸ್ಟರ್ ಲೀಪ್ಸ್ ಇನ್’ ಹಾಕಿ. ಏಳೇ ಜನರ ತಂಡ, ಹಾಗಾಗಿ ತಳ ಚೆನ್ನಾಗಿ ಕಾಣುತ್ತದೆ. ನಾಲ್ಕು ಸಲ ಕೇಳಿ, ಪ್ರತಿ ಸಲ ಒಬ್ಬನನ್ನು ಮಾತ್ರ.

ಮೊದಲ ಸಲ ಬಾಸ್. ಪೇಜ್ ಪ್ರತಿ ಬೀಟಿಗೂ ಒಂದು ಸ್ವರ ಇಡುತ್ತ, ಮೇಲೆ ಕೆಳಗೆ ಹೆಜ್ಜೆ ಹಾಕುತ್ತಾನೆ. ಇದಕ್ಕೆ ವಾಕಿಂಗ್ ಬಾಸ್ ಎನ್ನುತ್ತಾರೆ. ಒಂದು, ಎರಡು, ಮೂರು, ನಾಲ್ಕು – ನಾಲ್ಕೂ ಬೀಟಿಗೆ ಒಂದೇ ತೂಕ. ಈ ನಾಲ್ಕು ಬೀಟಿನ ಗುಂಪಿಗೆ ಬಾರ್ ಎಂದು ಹೆಸರು.

ಎರಡನೇ ಸಲ ಡ್ರಮ್ಸ್. ಹೈ-ಹ್ಯಾಟ್ ಎಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್. ಆವರೆಗೆ ಹೆಚ್ಚಿನ ಡ್ರಮ್ಮರ್‌ಗಳು ಕಾಲವನ್ನು ದೊಡ್ಡ ಬಾಸ್ ಡ್ರಮ್ಮಿನಲ್ಲಿ ಧಡ್ ಧಡ್ ಎಂದು ಹಿಡಿಯುತ್ತಿದ್ದರು. ಜೋನ್ಸ್ ಅದನ್ನು ಹೈ-ಹ್ಯಾಟಿಗೆ ಏರಿಸಿದ. ಪೂರ್ತಿ ಮುಚ್ಚದೆ ಅರೆತೆರೆದಿಟ್ಟು ನುಡಿಸುವುದರಿಂದ ಒಂದು ಪೆಟ್ಟು ಇನ್ನೊಂದಕ್ಕೆ ಹರಿದು ಸೇರುತ್ತದೆ. ತಳ ಹಗುರಾದ್ದರಿಂದ ಪೇಜ್‌ನ ಬಾಸ್‌ಗೆ ಜಾಗ ಸಿಕ್ಕಿತು.

ಮೂರನೇ ಸಲ ಗಿಟಾರ್. ಇದೇ ಕಷ್ಟ. ಗ್ರೀನ್ ಆಂಪ್ಲಿಫೈಯರ್ ಇಲ್ಲದ ಗಿಟಾರನ್ನು ಬೀಟಿಗೊಂದರಂತೆ ಮೀಟಿ ತಕ್ಷಣ ನಾದ ಕತ್ತರಿಸುತ್ತಾನೆ. ಕೇಳಿಸಲಿಲ್ಲ ಎಂದು ಚಿಂತೆ ಬೇಡ. ಹೈ-ಹ್ಯಾಟಿನ ಲೋಹದ ಸದ್ದಿಗೆ ಅಂಟಿಕೊಂಡು ಮರದ ‘ಚಕ್’ ಒಂದು ಬರುತ್ತಿದೆಯೇ ನೋಡಿ. ಒಮ್ಮೆ ಹಿಡಿದರೆ ಮತ್ತೆ ಬಿಟ್ಟುಹೋಗುವುದಿಲ್ಲ.

ನಾಲ್ಕನೇ ಸಲ ಪಿಯಾನೊ. ಬೇಸಿ ಕಲಿತದ್ದು ಹಾರ್ಲೆಮ್‌ನ ಸ್ಟ್ರೈಡ್ ಶೈಲಿ: ಎಡಗೈ ಬಾಸ್ ಸ್ವರಕ್ಕೂ ಕಾರ್ಡಿಗೂ ಜಿಗಿಯುತ್ತ ಕಾಲ ಹಿಡಿಯುತ್ತದೆ. (ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳ ಗೊಂಚಲು.) ಪೇಜ್, ಗ್ರೀನ್ ಇಬ್ಬರೂ ಅದೇ ಕೆಲಸ ಮಾಡುತ್ತಿದ್ದ ಮೇಲೆ ತನ್ನ ಎಡಗೈಗೆ ಅಲ್ಲೇನು ಕೆಲಸ? ಹಾಗಾಗಿ ಬಲಗೈಯಲ್ಲಿ ಎರಡು ಸ್ವರ, ಒಂದು ಮೌನ, ಮತ್ತೊಂದು ಸ್ವರ. ಅವನಿಗೆ ಹೆಚ್ಚು ನುಡಿಸಲು ಬರುತ್ತಿರಲಿಲ್ಲ ಎನ್ನುವವರು ಅಟಾಮಿಕ್ ಎಲ್‌ಪಿಯ ಮೊದಲ ಹಾಡು ‘ದ ಕಿಡ್ ಫ್ರಂ ರೆಡ್ ಬ್ಯಾಂಕ್’ ಕೇಳಲಿ.

ಈಗ ತಾಳ ಹಾಕಿ. ಇಲ್ಲೊಂದು ಎಚ್ಚರಿಕೆ: ನಮ್ಮ ಕೈ ತಾನಾಗಿ ಮೊದಲ ಬೀಟಿಗೆ, ಸಮಕ್ಕೆ ಬೀಳುತ್ತದೆ. ಸ್ವಿಂಗ್‌ನಲ್ಲಿ ಚಪ್ಪಾಳೆ ಬೀಳುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಒಂದು-ಮೂರಕ್ಕೆ ಹಾಕಿದರೆ ಹಾಡು ಮೆರವಣಿಗೆಯ ಬ್ಯಾಂಡಿನಂತೆ ಕೇಳಿಸುತ್ತದೆ. ಅಭ್ಯಾಸಕ್ಕೆ ಕಾಲಿನಲ್ಲಿ ನಾಲ್ಕೂ ಬೀಟು ತಟ್ಟುತ್ತ ಎರಡು-ನಾಲ್ಕಕ್ಕೆ ಮಾತ್ರ ಚಿಟಿಕೆ ಹಾಕಿ.

ಹಂತ 3: ‘ಒನ್ ಓ’ಕ್ಲಾಕ್ ಜಂಪ್’ ಬಿಡಿಸಿ ಕೇಳುವುದು

ಇದಕ್ಕೆ ಒಂದು ಸಂಜೆ ಕೊಡಿ. ಮೂರು ನಿಮಿಷದ ಈ ಹಾಡು ಅರ್ಥವಾದರೆ ಉಳಿದದ್ದಕ್ಕೆ ಅರ್ಧ ದಾರಿ ಸವೆದಂತೆ.

ಹಾಡು ನಿಂತಿರುವುದು 12 ಬಾರಿನ ಬ್ಲೂಸ್ ಎಂಬ ಆವರ್ತದ ಮೇಲೆ. 12 ಬಾರ್ ಎಂದರೆ 48 ಬೀಟ್. ಈ ಮುದ್ರಣದ ವೇಗದಲ್ಲಿ ಒಂದು ಸುತ್ತಿಗೆ 16–17 ಸೆಕೆಂಡ್ ಹಿಡಿಯುತ್ತದೆ. ಆವರ್ತದೊಳಗೆ ಕಾರ್ಡುಗಳು ಹೀಗೆ ನಡೆಯುತ್ತವೆ: ಮೊದಲ 4 ಬಾರ್ ಷಡ್ಜದ ಮೇಲೆ, ನಂತರ 2 ಬಾರ್ ಮಧ್ಯಮದ ಮೇಲೆ, 2 ಬಾರ್ ಮತ್ತೆ ಷಡ್ಜ, 2 ಬಾರ್ ಪಂಚಮದ ಕಡೆಗೆ, ಕೊನೆಯ 2 ಬಾರ್ ಷಡ್ಜಕ್ಕೆ ವಾಪಸ್. ಬೆರಳ ಗೆಣ್ಣಿನ ಮೇಲೆ ಬಾರುಗಳನ್ನು ಎಣಿಸಿ. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಸರಿಯಾಗಿ ಹನ್ನೆರಡು.

ತಂಬೂರಿಗೆ ಒಗ್ಗಿದ ಕಿವಿಗೆ ಐದನೇ ಬಾರಿನಲ್ಲಿ ಕಸಿವಿಸಿಯಾಗುತ್ತದೆ, ಆಧಾರವೇ ಜಾರಿದಂತೆ. ಆ ಜಾರುವಿಕೆಯೇ ಗುರುತು. ಅದು ಬಂದಾಗಲೆಲ್ಲ ‘ಐದನೇ ಬಾರಿನಲ್ಲಿದ್ದೇನೆ’ ಎಂದುಕೊಳ್ಳಿ. ಎಣಿಕೆ ತಪ್ಪಿದರೂ ಅಲ್ಲಿಂದ ಮತ್ತೆ ಹಿಡಿಯಬಹುದು.

ಈಗ ಹಾಡಿನ ನಕ್ಷೆ. ಶುರುವಿಗೆ 8 ಬಾರ್ ಪಿಯಾನೊ ಪೀಠಿಕೆ. ಆಮೇಲೆ ಹತ್ತು ಸುತ್ತು:

1, 2. ಬೇಸಿಯ ಪಿಯಾನೊ, ನಾಲ್ಕು ಮನೆ ಶ್ರುತಿಯಲ್ಲಿ.
3. ಹರ್ಶೆಲ್ ಎವನ್ಸ್, ಟೆನರ್ ಸ್ಯಾಕ್ಸಫೋನ್. ಇಲ್ಲಿ ಶ್ರುತಿಯೇ ಒಂದೂವರೆ ಮನೆಗೆ ಇಳಿಯುತ್ತದೆ.
4. ಜಾರ್ಜ್ ಹಂಟ್, ಟ್ರೊಂಬೋನ್.
5. ಲೆಸ್ಟರ್ ಯಂಗ್, ಟೆನರ್ ಸ್ಯಾಕ್ಸಫೋನ್.
6. ಬಕ್ ಕ್ಲೇಟನ್, ಟ್ರಂಪೆಟ್.
7. ತಳದ ನಾಲ್ವರು ಮಾತ್ರ.
8, 9, 10. ಇಡೀ ಬ್ಯಾಂಡ್.

ಮೂರನೆಯದನ್ನೂ ಐದನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿ. ವಾದ್ಯ ಒಂದೇ, ಸುತ್ತೂ ಒಂದೇ. ಎವನ್ಸ್‌ನ ನಾದ ದಪ್ಪ, ಸ್ವರದ ತುದಿಯಲ್ಲಿ ಅಗಲವಾದ ಕಂಪನ. ಯಂಗ್‌ನ ನಾದ ಹಗುರ, ಒಣ, ಕಂಪನ ಇಲ್ಲವೆನ್ನುವಷ್ಟು ಕಡಿಮೆ; ಅವನ ಸಾಲುಗಳು ಬಾರಿನ ಗೆರೆಯನ್ನು ಲೆಕ್ಕಿಸದೆ ದಾಟಿಹೋಗುತ್ತವೆ. ಇಂಥ ಎರಡು ವಿರುದ್ಧ ಟೆನರ್‌ಗಳನ್ನು ಒಂದೇ ಬ್ಯಾಂಡಿನಲ್ಲಿ ಎದುರುಬದುರು ಕೂರಿಸಿದ್ದು ಬೇಸಿಯ ಜಾಣತನ. ಆಮೇಲೆ ಅನೇಕ ಬ್ಯಾಂಡುಗಳು ಇದನ್ನು ಅನುಸರಿಸಿದವು.

ಮುಂದಿನ ಸಲ ಸೊಲೊ (ಒಬ್ಬನೇ ಮುಂದೆ ನಿಂತು ನುಡಿಸುವುದು) ಬಿಟ್ಟು ಅದರ ಹಿಂದೆ ಕೇಳಿ. ಸ್ಯಾಕ್ಸಫೋನ್ ಮುಂದಿದ್ದಾಗ ಹಿಂದೆ ಟ್ರಂಪೆಟ್‌ಗಳು ಒಂದು ಚಿಕ್ಕ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತವೆ. ತುತ್ತೂರಿ ಮುಂದಿದ್ದಾಗ ಆ ಕೆಲಸ ಸ್ಯಾಕ್ಸಫೋನ್‌ಗಳದು. ಈ ಮರುಕಳಿಸುವ ತುಣುಕಿಗೆ ರಿಫ್ ಎನ್ನುತ್ತಾರೆ. ಇಂಥ ರಿಫ್‌ಗಳನ್ನು ಕಾಗದದ ಮೇಲೆ ಬರೆಯದೆ, ಬ್ಯಾಂಡಿನವರೇ ವೇದಿಕೆಯಲ್ಲಿ ಹುಟ್ಟಿಸಿ ನೆನಪಿನಲ್ಲಿಟ್ಟು ಕಟ್ಟಿದ ರಚನೆಗೆ ಹೆಡ್ ಅರೇಂಜ್‌ಮೆಂಟ್ ಎಂದು ಹೆಸರು. ಕನ್ಸಾಸ್ ಸಿಟಿಯ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನೃತ್ಯಕ್ಕೆ ನುಡಿಸಬೇಕಿದ್ದುದರಿಂದ ಈ ಪದ್ಧತಿ ಅಲ್ಲಿ ಹುಲುಸಾಗಿ ಬೆಳೆಯಿತು. ಈ ಹಾಡಿನ ಲೇಬಲ್ ಮೇಲೆ ಬೇಸಿಯ ಹೆಸರೊಂದೇ ಇದ್ದರೂ ಬಸ್ಟರ್ ಸ್ಮಿತ್, ಎಡ್ಡಿ ಡರ್ಹಮ್ ಇಬ್ಬರ ಕೈಯೂ ಅದರಲ್ಲಿದೆ. ಮೂಲ ಹೆಸರು ರೇಡಿಯೊದಲ್ಲಿ ಹೇಳುವಂಥದ್ದಾಗಿರಲಿಲ್ಲ. ಗಡಿಯಾರ ಒಂದು ಗಂಟೆಯ ಹತ್ತಿರವಿತ್ತು, ಹೊಸ ಹೆಸರು ಅಲ್ಲೇ ಹುಟ್ಟಿತು ಎಂಬುದು ಬೇಸಿ ಹೇಳುತ್ತಿದ್ದ ಕಥೆ.

ಇನ್ನೊಂದು ತಪ್ಪು ನಿರೀಕ್ಷೆ: ಎಲ್ಲರೂ ಗುನುಗುವ ಆ ಪ್ರಸಿದ್ಧ ರಾಗ ಮೊದಲಿಗೆ ಬರುತ್ತದೆ ಎಂದುಕೊಳ್ಳಬೇಡಿ. ಅದು ಬರುವುದು ಕಟ್ಟಕಡೆಗೆ. ಅಲ್ಲಿಯವರೆಗೂ ತುಂಡು ತುಂಡಾಗಿ ಸಾಮಾನು ಸೇರುತ್ತಿರುತ್ತದೆ. 13 ಜನ ಮಾತ್ರ ನುಡಿಸುತ್ತಿದ್ದಾರೆ ಎಂಬುದನ್ನು ಕೊನೆಯ ಮೂರು ಸುತ್ತುಗಳಲ್ಲಿ ನಂಬುವುದು ಕಷ್ಟ.

ಹಂತ 4: 32 ಬಾರಿನ ಆವರ್ತ, ಮತ್ತು ಒಂದು ಕಂಠ

ಬ್ಲೂಸ್ ಕೈವಶವಾದ ಮೇಲೆ ‘ಜಂಪಿನ್ ಅಟ್ ದ ವುಡ್‌ಸೈಡ್’. ಇಲ್ಲಿ ಆವರ್ತ 32 ಬಾರಿನದು: 8 ಬಾರಿನ ಒಂದು ಭಾಗ ಎರಡು ಸಲ, ಬೇರೆಯದೊಂದು 8 ಬಾರ್, ಕೊನೆಗೆ ಮೊದಲನೆಯದು ಮತ್ತೊಮ್ಮೆ. ನಡುವಿನ ಬೇರೆ ಭಾಗಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಎಣಿಕೆ ತಪ್ಪಿದರೆ ಬ್ರಿಡ್ಜ್‌ಗೆ ಕಾಯಿರಿ. ಕೊನೆಯಲ್ಲಿ ಬರುವ ಕ್ಲಾರಿನೆಟ್ ಲೆಸ್ಟರ್ ಯಂಗ್‌ನದು ಎಂದು ಹಲವರು ತಿಳಿದಿದ್ದಾರೆ. ಅದು ಹರ್ಶೆಲ್ ಎವನ್ಸ್. ಮರುವರ್ಷದ ಫೆಬ್ರುವರಿಯಲ್ಲಿ ಅವನು ತೀರಿಕೊಂಡ.

‘ಶೂ ಶೈನ್ ಬಾಯ್’ ಕೂಡ ಇದೇ 32ರ ಲೆಕ್ಕ. ಅದರಲ್ಲಿ ಗಿಟಾರ್ ಇಲ್ಲ, ಗ್ರೀನ್ ಇನ್ನೂ ಬಂದಿರಲಿಲ್ಲ. ಲೇಬಲ್ ಮೇಲೆ ‘ಜೋನ್ಸ್-ಸ್ಮಿತ್ ಇನ್‌ಕಾರ್ಪೊರೇಟೆಡ್’ ಎಂದಿರುವುದನ್ನು ಕಂಡು ಬೇರೆ ತಂಡವೆಂದು ಬಿಟ್ಟುಬಿಡಬೇಡಿ. ಬೇಸಿ ಆಗಲೇ ಡೆಕ್ಕಾಗೆ ಸಹಿ ಹಾಕಿದ್ದರಿಂದ ಹೆಸರು ಮರೆಸಿದ್ದು ಅಷ್ಟೇ. ಆ ಡೆಕ್ಕಾ ಕರಾರೋ: 24 ಮುದ್ರಣಗಳಿಗೆ ಒಟ್ಟು 750 ಡಾಲರ್, ರಾಯಲ್ಟಿ ಇಲ್ಲ. ‘ಒನ್ ಓ’ಕ್ಲಾಕ್ ಜಂಪ್’ ಮಾರಾಟದಿಂದ ಬ್ಯಾಂಡಿಗೆ ಬಂದದ್ದು ಎಷ್ಟು ಎಂದು ಇದರಿಂದಲೇ ಊಹಿಸಿಕೊಳ್ಳಿ.

ಕಂಠಕ್ಕೆ ಜಿಮ್ಮಿ ರಶಿಂಗ್, ‘ಸೆಂಟ್ ಫಾರ್ ಯು ಯೆಸ್ಟರ್‌ಡೇ’. ಮತ್ತೆ 12 ಬಾರ್. ಒಂದು ಸಾಲು ಹಾಡುತ್ತಾನೆ, ಅದನ್ನೇ ಮರುಕಳಿಸುತ್ತಾನೆ, ಮೂರನೆಯದರಲ್ಲಿ ಮುಗಿಸುತ್ತಾನೆ. ಸಾಲಿಗೆ ನಾಲ್ಕು ಬಾರ್.

ಹಂತ 5: 1950ರ ನಂತರದ ಬೇಸಿ

1950ರಲ್ಲಿ ಖರ್ಚು ತೂಗದೆ ದೊಡ್ಡ ಬ್ಯಾಂಡನ್ನು ಮುಚ್ಚಿ, 1952ರಲ್ಲಿ ಮತ್ತೆ ಕಟ್ಟಿದ. ಅಭಿಮಾನಿಗಳು ಮೊದಲನೆಯದನ್ನು ಹಳೆ ಒಡಂಬಡಿಕೆ, ಎರಡನೆಯದನ್ನು ಹೊಸ ಒಡಂಬಡಿಕೆ ಎನ್ನುತ್ತಾರೆ, ಬೈಬಲ್ಲಿನ ಲೆಕ್ಕದಲ್ಲಿ. ವ್ಯತ್ಯಾಸ ಇಷ್ಟು: ಈಗ ರಚನೆಗಳೆಲ್ಲ ಕಾಗದದ ಮೇಲೆ. ನೀಲ್ ಹೆಫ್ಟಿ, ಫ್ರಾಂಕ್ ಫಾಸ್ಟರ್, ಥ್ಯಾಡ್ ಜೋನ್ಸ್ ಮೊದಲಾದವರು ಬರೆದರು. ಸೊಲೊ ಕಡಿಮೆ, ಇಡೀ ಬ್ಯಾಂಡ್ ಒಂದೇ ಉಸಿರಿನಲ್ಲಿ ನುಡಿಸುವುದು ಹೆಚ್ಚು. ಹಳೆಯದೇ ಚೆನ್ನ ಎಂದು ಇದನ್ನು ಮೂಗು ಮುರಿದು ಬದಿಗಿಡುವವರಿದ್ದಾರೆ. ನಾದದ ಅಂಕೆಯ ವಿಷಯದಲ್ಲಿ ಈ ಬ್ಯಾಂಡಿಗೆ ಸಾಟಿ ಕಡಿಮೆ.

‘ಏಪ್ರಿಲ್ ಇನ್ ಪ್ಯಾರಿಸ್’ ಮುಗಿಯಿತು ಎಂದುಕೊಂಡಾಗ ಬೇಸಿಯ ದನಿ ‘ಇನ್ನೊಂದು ಸಲ’ ಎನ್ನುತ್ತದೆ. ಮತ್ತೆ ಮುಗಿದಾಗ ಮತ್ತೆ. ಮುಂಚೆಯೇ ನಿಲ್ಲಿಸಬೇಡಿ.

ಅಟಾಮಿಕ್ ಎಲ್‌ಪಿಯಲ್ಲಿ ‘ಲಿಲ್ ಡಾರ್ಲಿನ್’ ಗಮನವಿಟ್ಟು ಕೇಳಿ. ಹೆಫ್ಟಿ ಬರೆದದ್ದು ಇನ್ನೂ ಚುರುಕಾದ ವೇಗಕ್ಕೆ. ಬೇಸಿ ಅದನ್ನು ನಿಮಿಷಕ್ಕೆ 70 ಬೀಟಿನ ಆಸುಪಾಸಿಗೆ ಇಳಿಸಿದ. ಪ್ರತಿ ಸ್ವರವೂ ಬೀಟಿನ ಹಿಂಬದಿಗೆ ಒರಗಿ ಬೀಳುತ್ತದೆ, ಆದರೆ ಕಾಲ ಒಂದಿಷ್ಟೂ ಹಿಂದೆ ಬೀಳುವುದಿಲ್ಲ. ಕಾರಣ ಬೇಕೆಂದರೆ ಗ್ರೀನ್‌ನ ಗಿಟಾರಿಗೆ ಕಿವಿ ಕೊಡಿ, ಇಲ್ಲಿ ಅದು ನಿಚ್ಚಳ. ವೆಂಡೆಲ್ ಕಲ್ಲಿಯ, ನಾದ ತಗ್ಗಿಸುವ ಮ್ಯೂಟ್ ಹಾಕಿದ ಟ್ರಂಪೆಟ್ ಸೊಲೊ ಕೂಡ ಅಷ್ಟೇ ಮಿತ. 1959ರಲ್ಲಿ ನಡೆದ ಮೊತ್ತಮೊದಲ ಗ್ರ್ಯಾಮಿ ಸಮಾರಂಭದಲ್ಲಿ ಬೇಸಿಗೆ ಎರಡು ಪ್ರಶಸ್ತಿ ಬಂದವು. ಅಂದಹಾಗೆ, 1966ರ ಬ್ಯಾಟ್‌ಮ್ಯಾನ್ ಧಾರಾವಾಹಿಯ ಶೀರ್ಷಿಕೆ ಸಂಗೀತ ಬರೆದದ್ದೂ ಇದೇ ಹೆಫ್ಟಿ.

ಹಂತ 6: ನೀವೇ ನುಡಿಸುವುದಾದರೆ

ಕಾಲೇಜು ಬ್ಯಾಂಡಿನಲ್ಲೋ ಚರ್ಚ್ ತಂಡದಲ್ಲೋ ನುಡಿಸುವವರು ‘ಯಾಕೆ ನಮ್ಮದು ಭಾರವಾಗಿ ಕೇಳುತ್ತದೆ’ ಎಂದು ಕೇಳುತ್ತಾರೆ. ಹೆಚ್ಚಿನ ಸಲ ಉತ್ತರ ರಿದಮ್ ಸೆಕ್ಷನ್‌ನಲ್ಲೇ ಇರುತ್ತದೆ.

ಗಿಟಾರ್: ಆಂಪ್ಲಿಫೈಯರ್ ಬಿಡಿ, ಇಲ್ಲವೇ ಬಹಳ ತಗ್ಗಿಸಿ. ಆರೂ ತಂತಿ ಬಾರಿಸಬೇಡಿ; 6, 4, 3ನೇ ತಂತಿಗಳಲ್ಲಿ ಮೂರು ಸ್ವರ ಹಿಡಿದು, 5ನೆಯದನ್ನು ಎಡಬೆರಳಿನ ಒತ್ತಿನಿಂದ ಮುಚ್ಚಿ. ಗ್ರೀನ್ ನುಡಿಸುವಾಗ ಎಷ್ಟೋ ಸಲ ನಿಜವಾಗಿ ಕೇಳಿಸುತ್ತಿದ್ದುದು 4ನೇ ತಂತಿಯ ಒಂದೇ ಸ್ವರ. ಮೀಟಿದ ಕೂಡಲೇ ಎಡಗೈ ಸಡಿಲಿಸಿ, ತಂತಿಯಿಂದ ಎತ್ತಬೇಡಿ. ಎರಡು-ನಾಲ್ಕನ್ನು ಬಡಿಯುವುದು ಎಲ್ಲರೂ ಮಾಡುವ ತಪ್ಪು, ನಾಲ್ಕೂ ಸಮವಾಗಿರಲಿ.

ಡ್ರಮ್ಸ್: ಬಾಸ್ ಡ್ರಮ್ಮನ್ನು ನಾಲ್ಕೂ ಬೀಟಿಗೆ ಸೋಕಿಸಿದಂತೆ ನುಡಿಸಿ. ಇದಕ್ಕೆ ಫೆದರಿಂಗ್ ಎನ್ನುತ್ತಾರೆ. ಎದುರಿಗೆ ಕೂತವರಿಗೆ ಅದು ಬೇರೆಯಾಗಿ ಕೇಳಿಸಿದರೆ ಜೋರಾಯಿತು ಎಂದರ್ಥ.

ಪಿಯಾನೊ: ಬ್ಯಾಂಡ್ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ನುಡಿಸಿ. ಹಾಡಿನ ಕೊನೆಗೆ ಮೇಲಿನ ಸ್ಥಾಯಿಯಲ್ಲಿ ‘ಪ್ಲಿಂಕ್, ಪ್ಲಿಂಕ್, ಪ್ಲಿಂಕ್’ ಎಂದು ಮುಗಿಸುವುದು ಬೇಸಿಯ ಸಹಿ. ಒಂದು ಕಾರ್ಯಕ್ರಮದಲ್ಲಿ ಒಂದೇ ಸಲ ಸಾಕು, ದಯವಿಟ್ಟು.

ನಿಧಾನದ ಹಾಡಿಗೆ ಮೆಟ್ರೊನೋಮನ್ನು 70ಕ್ಕೆ ಇಡಬೇಡಿ, 35ಕ್ಕೆ ಇಟ್ಟು ಅದರ ಟಕ್ ಎರಡು-ನಾಲ್ಕಕ್ಕೆ ಬೀಳುವಂತೆ ಎಣಿಸಿ. ಓಡುವ ಚಾಳಿ ಆಗಲೇ ಸಿಕ್ಕಿಬೀಳುವುದು. ಗಿಟಾರ್, ಬಾಸ್, ಹೈ-ಹ್ಯಾಟ್ ಮೂರೂ ಒಂದಕ್ಕೊಂದು ಕೈಗೆಟಕುವಷ್ಟು ಹತ್ತಿರ ಇರಲಿ.

ಹಂತ 7: ಇಲ್ಲಿಂದ ಎಲ್ಲಿಗೆ

ಲೆಸ್ಟರ್ ಯಂಗ್‌ನ ಸೊಲೊಗಳನ್ನು ತಟ್ಟೆಯಿಂದಲೇ ಕಲಿತ ಹುಡುಗ ಚಾರ್ಲಿ ಪಾರ್ಕರ್. ಅಲ್ಲಿಂದ ಬೀಬಾಪ್ ಎಂಬ 1940ರ ದಶಕದ ಹೊಸ ಜಾಝ್ ಶೈಲಿಗೆ ದಾರಿ ತೆರೆಯುತ್ತದೆ. ಥ್ಯಾಡ್ ಜೋನ್ಸ್ ಬೇಸಿಯ ಬ್ಯಾಂಡ್ ಬಿಟ್ಟ ಮೇಲೆ ಡ್ರಮ್ಮರ್ ಮೆಲ್ ಲೂಯಿಸ್ ಜೊತೆ ಕಟ್ಟಿದ ಬ್ಯಾಂಡ್ 1966ರಿಂದ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಸೋಮವಾರಗಳಂದು ನುಡಿಸತೊಡಗಿತು. ಅದರ ವಾರಸುದಾರ ಬ್ಯಾಂಡ್ ಅಲ್ಲೇ ಮುಂದುವರಿಯಿತು. ಬೇಸಿಯ ಸ್ವಂತ ಬ್ಯಾಂಡ್ 2013ರಿಂದ ಸ್ಕಾಟಿ ಬಾರ್ನ್‌ಹಾರ್ಟ್ ನಾಯಕತ್ವದಲ್ಲಿ ಸಂಚರಿಸುತ್ತಿದೆ, 2024ರಲ್ಲೂ ಒಂದು ಗ್ರ್ಯಾಮಿ ಗೆದ್ದಿತು. ಹಳೆಯ ಬ್ಯಾಂಡನ್ನು ಮೂರು ನಿಮಿಷದ ತಟ್ಟೆಯ ಮಿತಿ ಇಲ್ಲದೆ ಕೇಳಬೇಕೆಂದರೆ, ಧ್ವನಿ ಎಂಜಿನಿಯರ್ ಬಿಲ್ ಸೇವರಿ 1930ರ ದಶಕದ ಕೊನೆಯಲ್ಲಿ ರೇಡಿಯೊದಿಂದ ದೊಡ್ಡ ತಟ್ಟೆಗಳಿಗೆ ಹಿಡಿದಿಟ್ಟ ಪ್ರಸಾರಗಳನ್ನು ಹುಡುಕಿ. 2010ರಲ್ಲಿ ಅವು ಹಾರ್ಲೆಮ್‌ನ ರಾಷ್ಟ್ರೀಯ ಜಾಝ್ ವಸ್ತುಸಂಗ್ರಹಾಲಯಕ್ಕೆ ಸೇರಿದವು.

ಪಾಡ್‌ಕಾಸ್ಟ್‌ಗೋ ರೀಲ್ಸ್‌ಗೋ ಈ ಹಾಡುಗಳನ್ನು ಬಳಸಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಭಾರತದ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ, ಹಾಗಾಗಿ 1937ರ ಮುದ್ರಣದ ಹಕ್ಕು ಇಲ್ಲಿ ಮುಗಿದಿದೆ. ಆದರೆ ಹಾಡಿನ ರಚನೆಯ ಹಕ್ಕು ಬೇರೆ: ಅದು ರಚನಕಾರ ಸತ್ತ ನಂತರ 60 ವರ್ಷ, ಬೇಸಿಯ ಹೆಸರಿನಲ್ಲಿರುವವಕ್ಕೆ 2044ರ ಕೊನೆಯವರೆಗೆ. ಅಮೆರಿಕದಲ್ಲಿ ಅದೇ ಮುದ್ರಣಕ್ಕೆ 100 ವರ್ಷ, ಅಂದರೆ 2037ರ ಕೊನೆಯವರೆಗೆ. ಆನ್‌ಲೈನ್ ವೇದಿಕೆಗಳು ಸಾಮಾನ್ಯವಾಗಿ ಅಲ್ಲಿನ ಲೆಕ್ಕವನ್ನೇ ಹಿಡಿಯುವುದರಿಂದ, ಪರವಾನಗಿ ಇಲ್ಲದೆ ಏರಿಸಿದರೆ ಆಡಿಯೊ ಮ್ಯೂಟ್ ಆಗುವ ಸಾಧ್ಯತೆಯೇ ಹೆಚ್ಚು.